ವಜ್ರಲೇಖೆಯ ಬಲಗೈ

ನಮ್ಮೂರ ಸೇತುವೆಯ ಈಚೆ ತುದಿಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರ ತುಂಬ ಚಪ್ಪಲಿಗಳು. ಗಂಡಸರವು, ಹೆಂಗಸರವು, ಹೊಸವು, ಸವೆದವು, ಎಲ್ಲ ಮನೆಮನೆಯವರು ತಂದು ಹಾಕಿದವು. ಮಹಡಿ ರಾಯರ ಕಥೆಯಲ್ಲಿ ಯಾರ ಕೆಲಸ ಮುಗಿಯುತ್ತದೋ ಅವರು ಆ ಸೇತುವೆ ದಾಟಿ ನಮ್ಮೂರಿಗೆ ಬರುತ್ತಾರೆ. ರಾಯರು ಎಷ್ಟು ಬರೆದಿದ್ದಾರೋ ಅಷ್ಟೇ ಬರುತ್ತಾರೆ. ಕಿರೀಟದ ಹರಳುಗಳನ್ನು ಅರ್ಧ ಪುಟ ವರ್ಣಿಸುವ ರಾಯರಿಗೆ ಕಾಲಿನ ಕಡೆ ಗಮನ ಕಡಿಮೆ. ಹಾಗಾಗಿ ರಾಜಾಧಿರಾಜರೂ ಬರಿಗಾಲಲ್ಲೇ ಬರುತ್ತಾರೆ, ಸೇತುವೆಯ ಕಲ್ಲು ನೋಡಿದರೆ ಬಿಸಿಲಿಗೆ ಕಾದ ಹಂಚಿನಂತಿರುತ್ತದೆ. ಬಂದವರು ಅಂಗಾಲು ಸುಟ್ಟುಕೊಂಡ ಮೇಲೂ ಬರಿಗಾಲಲ್ಲೇ ಊರೊಳಗೆ ನಡೆಯಬಾರದಲ್ಲ, ಅದಕ್ಕೆ ಈ ಪೆಟ್ಟಿಗೆ.

ಮಹಡಿ ರಾಯರು ಅಂದರೆ ನರಹರಿರಾಯರು. ಅಚ್ಚುಕೂಟದ ಮಹಡಿಯಲ್ಲಿ ಕೂತು 'ಉಪ್ಪುಕೋಟೆ' ಎಂಬ ಕಥೆಯನ್ನು ಸಂಪುಟದ ಮೇಲೆ ಸಂಪುಟ ಬರೆದವರು. ಕೆಳಗೆ ಅವರ ಕಥೆಗೆ ಅಚ್ಚಿನ ಅಕ್ಷರದ ಮೊಳೆ ಜೋಡಿಸುವವನು ನಾನು. ಲೆಕ್ಕಕ್ಕೆ ಊರಲ್ಲಿ ಅದನ್ನು ಮೊದಲು ಓದುವವನು ನಾನೇ. ಆದರೆ ನಾನು ಓದುವುದು ಅಕ್ಷರ ತಲೆಕೆಳಗಾಗಿದೆಯೋ ಇಲ್ಲವೋ ಅಂತ. ಮನುಷ್ಯರನ್ನು ಓದುವವಳು ಅಂಬುಜಕ್ಕ. ನಾನು ಹೇಳುತ್ತಿರುವುದು ಅವಳ ವಿಷಯ.

ಅಂಬುಜಕ್ಕ ಸೇತುವೆ ಪಕ್ಕದಲ್ಲಿ ಊಟದ ಮನೆ ನಡೆಸುತ್ತಾಳೆ. ಸೇತುವೆ ದಾಟಿ ಬಂದವರಿಗೆ ಮೊದಲ ಎಲೆ ಬೀಳುವುದು ಅಲ್ಲೇ. ಉಪ್ಪುಕೋಟೆಯ ಅಷ್ಟೂ ಸಂಪುಟಗಳು ಅವಳ ಒಗ್ಗರಣೆ ಡಬ್ಬಿಯ ಪಕ್ಕ ನಿಂತಿವೆ, ಹಾಳೆಗಳೆಲ್ಲ ಎಣ್ಣೆ ಕುಡಿದು ಪಾರದರ್ಶಕವಾಗಿವೆ. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಸಂಪುಟ ಹಿಡಿದು ಓದಿದವಳು. ಅವಳ ಗಂಡ ತೀರ್ಥಪ್ಪನೂ ಸೇತುವೆ ದಾಟಿ ಬಂದವನೇ. ಮೊದಲ ಸಂಪುಟದಲ್ಲಿ ರಾಯರು ಅವನಿಗೆ ಬರೆದದ್ದು ಒಂದೇ ಸಾಲು: 'ಮೂರನೆಯ ಕಾವಲುಗಾರನು ಬೊಗಸೆಯಲ್ಲಿ ನೀರು ಕುಡಿದು ಅಲ್ಲೇ ಒರಗಿದನು.' ಹೆಸರಿಲ್ಲ, ಮುಖವಿಲ್ಲ, ಕುಲಗೋತ್ರವಿಲ್ಲ. ಬಂದವನು ಬೊಗಸೆ ಒಡ್ಡಿಕೊಂಡು ನಿಂತ. ಅಕ್ಕ ಅದಕ್ಕೆ ನೀರು ಹಾಕಿದಳು, ಹೆಸರಿಟ್ಟಳು, ಆಮೇಲೆ ಮದುವೆಯಾದಳು. ಈಗ ಅವನಂಥ ಮಾತಿನ ಮಲ್ಲ ಊರಲ್ಲಿ ಇನ್ನೊಬ್ಬನಿಲ್ಲ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಬಂದವರು ಮೊದಮೊದಲು ಪುಸ್ತಕದಲ್ಲಿರುವ ಮಾತುಗಳನ್ನಷ್ಟೇ ಆಡುತ್ತಾರೆ. ಕಥೆ ಅವರನ್ನು ಪೂರ್ತಿ ಬಿಟ್ಟುಕೊಟ್ಟಿದ್ದರೆ, ಇಂದೋ ನಾಳೆಯೋ ಒಂದು ಸ್ವಂತ ಮಾತು ಬಾಯಿಂದ ಬೀಳುತ್ತದೆ. ಆ ದಿನ ಅವರು ಇರುವ ಮನೆಯವರು ಕೇರಿಗೆಲ್ಲ ಸಕ್ಕರೆ ಹಂಚುತ್ತಾರೆ. ತೀರ್ಥಪ್ಪನ ಮೊದಲ ಸ್ವಂತ ಮಾತು 'ಸ್ವಲ್ಪ ಉಪ್ಪಿನಕಾಯಿ' ಎಂಬುದು. ಅದನ್ನು ಹೇಳುವಾಗ ಅಕ್ಕನ ಮುಖ ಇವತ್ತಿಗೂ ಕೆಂಪಾಗುತ್ತದೆ.

ಇಷ್ಟಿರುವಾಗ ಏಳನೆಯ ಸಂಪುಟ ಬಂತು. ರಟ್ಟಿನ ಮೇಲೆ 'ಕೊನೆಯ ಸಂಪುಟ' ಅಂತ ದಪ್ಪಕ್ಷರದಲ್ಲಿ ನಾನೇ ಅಚ್ಚು ಹಾಕಿದ್ದೆ. ಅದಕ್ಕೆ ಮುಂಚೆ ಊರಿನವರು ಗುಂಪುಕಟ್ಟಿಕೊಂಡು ಹೋಗಿ, ಬಿಲ್ಲುಗಾತಿ ವಜ್ರಲೇಖೆಗೂ ಸೇನಾಪತಿ ಧವಳಕೇತುವಿಗೂ ಮದುವೆ ಮಾಡಿಸಲೇಬೇಕು ಅಂತ ರಾಯರ ಮಹಡಿಯ ಕೆಳಗೆ ಕೂತಿದ್ದರು. ಮದುವೆಯಾದ ಜೋಡಿ ಸೇತುವೆ ದಾಟಿದರೆ ಊರಿಗೆಲ್ಲ ಹೋಳಿಗೆ ಊಟ, ಅದು ಒಳಗಿನ ಆಸೆ. ರಾಯರು ಒಪ್ಪಿ, ಮುಗಿಯುವುದಕ್ಕೆ ಎರಡು ಪುಟ ಇರುವಾಗ ಮದುವೆ ಮಾಡಿಸಿಬಿಟ್ಟರು. ಕಡೆಯ ಸಾಲು ಹೀಗಿತ್ತು: 'ಬೆರಳಿಗೆ ಬೆರಳು ಹೆಣೆದು ಹಿಡಿದ ಆ ಕೈಗಳನ್ನು ಅವರು ಮತ್ತೆಂದೂ ಬಿಡಲಿಲ್ಲ.' ಊರು ಕಣ್ಣೊರೆಸಿಕೊಂಡಿತು. ಅಂಬುಜಕ್ಕ ಮಾತ್ರ ಸಂಪುಟವನ್ನು ಪಟ್ಟನೆ ಮುಚ್ಚಿ ಸಾರಿಗೆ ಹುಣಸೆಹಣ್ಣು ಕಿವುಚತೊಡಗಿದಳು. ಆವತ್ತಿನ ಸಾರು ಬಾಯಿಗಿಡಲಾಗದಷ್ಟು ಹುಳಿಯಾಗಿತ್ತು.

ಊಟಕ್ಕೆ ಕೂತ ನಮಗೆಲ್ಲ ಅವಳು ಬಡಿಸುತ್ತಲೇ ಒಪ್ಪಿಸಿದಳು. ಎರಡನೆಯ ಸಂಪುಟದಲ್ಲಿ ಇಬ್ಬರೂ ಹೊಳೆಯ ಆಚೆ ಈಚೆ ನಿಂತು ಒಮ್ಮೆ ನೋಡಿಕೊಂಡರು. ನಾಲ್ಕರಲ್ಲಿ ಅವನಿಗೆ ಗಾಯವಾದಾಗ ಇವಳ ಎದೆ 'ಏಕೋ ಕಂಪಿಸಿತು.' ಏಕೆ ಅಂತ ರಾಯರಿಗೂ ಗೊತ್ತಿಲ್ಲ. ಐದರಲ್ಲಿ ಅವನ ಪತ್ತೆಯೇ ಇಲ್ಲ. ಆರರಲ್ಲಿ ಬಂದು 'ದೇವಿ, ಕ್ಷೇಮವೇ?' ಅಂದ, ಉತ್ತರ ಕೇಳುವ ಮೊದಲೇ ಕುದುರೆ ಹತ್ತಿದ. ಏಳರಲ್ಲಿ ತಾಳಿ. ಜೊತೆಗೆ ಕೂತು ಒಂದು ತುತ್ತು ಉಂಡದ್ದಿಲ್ಲ, ಒಂದು ಜಗಳ ಆಡಿದ್ದಿಲ್ಲ. ಮದುವೆ ಬೇಡ ಅಂತ ಹೇಳುತ್ತಿಲ್ಲ, ಪ್ರೀತಿ ಎಲ್ಲಿ ಅಂತ ಕೇಳುತ್ತಿದ್ದೇನೆ, ಅಂದಳು. ನಾವು ಹೋಳಿಗೆಯ ಧ್ಯಾನದಲ್ಲಿದ್ದೆವು, ಹೂಂಗುಟ್ಟಿದೆವು.

ಮರುದಿನ ಬೆಳಗ್ಗೆ ಅವರು ಬಂದರು. ಎಷ್ಟು ಸಲ ನೋಡಿದರೂ ಆ ಗಳಿಗೆಗೆ ಮೈ ಜುಮ್ಮೆನ್ನುವುದು ತಪ್ಪುವುದಿಲ್ಲ. ಸೇತುವೆಯ ಆಚೆ ತುದಿಯಲ್ಲಿ ಯಾವಾಗಲೂ ಮಂಜು. ಮೊದಲು ಅದರೊಳಗಿಂದ ಕುದುರೆ ಬಂತು. ಅಂಥ ಕುದುರೆಯನ್ನು ನಾನು ಕಂಡಿಲ್ಲ, ಕಾಣುವುದೂ ಇಲ್ಲ. ಒಂದೊಂದು ರೋಮವೂ ಬೇರೆ ಬೇರೆಯಾಗಿ ಹೊಳೆಯುತ್ತಿತ್ತು. ಅದು ನಡೆದರೆ ಕಲ್ಲು ದನಿ ಕೊಡುತ್ತಿತ್ತು. ಮುದುಕರು ಕೈ ಮುಗಿದರು. ಅದರ ಹಿಂದೆ ಧವಳಕೇತು. ವಿಶಾಲ ಎದೆ, ಮಿಂಚುವ ಕಣ್ಣು, ಉಳಿದದ್ದೆಲ್ಲ ಮಸುಕು. ಮೂಗು ಹೇಗಿದೆ ಅಂತ ನೋಡಿ ಈಚೆ ತಿರುಗಿದರೆ ಮರೆತುಹೋಗುತ್ತಿತ್ತು. ಅವನ ಪಕ್ಕದಲ್ಲಿ ವಜ್ರಲೇಖೆ, ಎಡ ಹೆಗಲಲ್ಲಿ ಬಿಲ್ಲು. ಅಂಬುಜಕ್ಕ ವರ್ಷಗಳಿಂದ ಕಾದಿದ್ದ ಹೆಣ್ಣು. ಅಕ್ಕ ಅವಳ ಕಾಲಿಗೆ ತನ್ನದೇ ಹೊಸ ಚಪ್ಪಲಿ ತೊಡಿಸಿದಳು. ತಲೆ ಎತ್ತಿ ನೋಡಿದರೆ, ವಜ್ರಲೇಖೆಯ ಬಲಗೈ ಅವನ ಎಡಗೈಯಲ್ಲಿ. ಬೆರಳಿಗೆ ಬೆರಳು ಹೆಣೆದಿತ್ತು.

ಊಟದ ಮನೆಯಲ್ಲಿ ಎಲೆ ಹಾಕಿದರು. ಧವಳಕೇತುವಿಗೇನು, ಬಲಗೈ ಖಾಲಿ. ಹೋಳಿಗೆ ಬಾರಿಸಿದ. ಇನ್ನೊಂದು ಬಡಿಸಲೇ ಅಂದರೆ 'ಕೋಟೆ ನಮ್ಮದು' ಅಂದ. ಏಳು ಸಂಪುಟದಲ್ಲಿ ರಾಯರು ಅವನಿಗೆ ಕೊಟ್ಟದ್ದೇ ನಾಲ್ಕು ಮಾತು, ಅದರಲ್ಲಿ ಅದೊಂದು. ವಜ್ರಲೇಖೆ ಮಾತ್ರ ಎಲೆಯನ್ನೇ ನೋಡುತ್ತ ಕೂತಳು. ನಾಚಿಕೆ ಅಂದರು ಹೆಂಗಸರು. ಅಂಬುಜಕ್ಕನ ಮುಖ ಮಾತ್ರ ಬಿಳಿಚಿಕೊಂಡಿತು. ಅವಳಿಗೆ ಹಳೆಯ ಎರಡು ಸಾಲು ನೆನಪಾಗಿದ್ದವು. ಮೊದಲ ಸಂಪುಟದಲ್ಲಿ: 'ಬಲಗೈಯಿಂದಲ್ಲದೆ ವಜ್ರಲೇಖೆ ಎಂದೂ ಅನ್ನ ಮುಟ್ಟಿದವಳಲ್ಲ.' ಮೂರನೆಯದರಲ್ಲಿ: 'ಪರರ ಕೈತುತ್ತು ತಿನ್ನುವವಳಲ್ಲ ಈ ವಜ್ರಲೇಖೆ.' ಈಗ ಏಳನೆಯದರಲ್ಲಿ ಬಲಗೈ ಬಿಡುವಂತಿಲ್ಲ. ರಾಯರು ತಾವು ಬರೆದದ್ದನ್ನು ತಾವೇ ಮರೆತು, ಅವಳಿಗೆ ಅನ್ನದ ದಾರಿಯನ್ನೇ ಮುಚ್ಚಿದ್ದರು.

ಕೈ ಬಿಡಿಸಲು ನಮ್ಮವರು ಎಣ್ಣೆ ಹಚ್ಚಿದರು, ಸೀಗೆಪುಡಿ ಉಜ್ಜಿದರು, ಬಡಗಿ ಬಂದು ನೋಡಿ ಹೋದ. ಅಚ್ಚಾದದ್ದು ಅಚ್ಚಾದದ್ದೇ. ಅಕ್ಕ ಕೈತುತ್ತು ಕೊಡಲು ಹೋದರೆ ವಜ್ರಲೇಖೆಯ ತುಟಿ ತಾನಾಗಿ ಬಿಗಿಯಿತು. ಎಡಗೈಯಲ್ಲಾದರೂ ಉಣ್ಣಲಿ, ಅವಳಿಗೆ ಸಂಕೋಚವಾಗದಿರಲಿ ಅಂತ ಆವತ್ತು ರಾತ್ರಿಯ ಪಂಕ್ತಿಯಲ್ಲಿ ಊರಿಗೆ ಊರೇ ಎಡಗೈಯಲ್ಲಿ ಉಂಡಿತು. ಮಡಿ ಮೈಲಿಗೆ ಎನ್ನುವ ಅಜ್ಜಿಯರೂ ಎಡಗೈಯಲ್ಲಿ ಸಾರನ್ನ ಕಲಸಿ ಸೆರಗಿನ ಮೇಲೆಲ್ಲ ಚೆಲ್ಲಿಕೊಂಡರು. ಅದನ್ನು ನೋಡಿ ಅವಳ ಕಣ್ಣು ತುಂಬಿತು. ಎಡಗೈ ಎಲೆಯ ಅಂಚಿನವರೆಗೆ ಬಂತು, ಅಲ್ಲೇ ನಿಂತಿತು. ಮಜ್ಜಿಗೆ, ಗಂಜಿತಿಳಿ ಮಾತ್ರ ಲೋಟದಲ್ಲಿ ಕುಡಿಯುತ್ತಿದ್ದಳು. ಕುಡಿಯುವ ವಿಷಯದಲ್ಲಿ ರಾಯರು ಪುಣ್ಯಕ್ಕೆ ಏನೂ ಬರೆದಿರಲಿಲ್ಲ.

ದಿನ ಕಳೆದಂತೆ ಅವಳ ತೋಳಿನ ಬಳೆ ಮೊಣಕೈಗೆ ಜಾರತೊಡಗಿತು. ಧವಳಕೇತು ಕೆಟ್ಟವನಲ್ಲ. ಅವಳು ಎದ್ದರೆ ಏಳುತ್ತಿದ್ದ, ಕೂತರೆ ಕೂರುತ್ತಿದ್ದ. ಆಗಾಗ ತಿರುಗಿ 'ದೇವಿ, ಕ್ಷೇಮವೇ?' ಅನ್ನುತ್ತಿದ್ದ. ಕ್ಷೇಮವಿಲ್ಲ ಅಂತ ಅವನಿಗೂ ಕಾಣುತ್ತಿತ್ತು, ಆದರೆ ಬೇರೆ ಮಾತು ಅವನ ಬಳಿ ಇರಲಿಲ್ಲ. ಅವಳು ಎಲೆ ಮುಂದೆ ಕೂತಿರುವಷ್ಟು ಹೊತ್ತು ಅವನೂ ಉಣ್ಣುವುದನ್ನು ಬಿಟ್ಟ. ಅದನ್ನು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅಂಬುಜಕ್ಕ ಅದನ್ನು ಗಮನಿಸಿದಳು, ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಅಕ್ಕ ಅವಳ ತಲೆ ಬಾಚುತ್ತಿದ್ದಳು. ವಜ್ರಲೇಖೆ ಹೆಣೆದುಕೊಂಡ ಬೆರಳುಗಳನ್ನೇ ನೋಡುತ್ತ, ಮೆಲ್ಲಗೆ, "ಈ ಬಾಗಿಲನ್ನು ಮುಚ್ಚಿದವರೇ ಬಂದು ತೆರೆಯಲಿ" ಅಂದಳು. ಅದು ಐದನೆಯ ಸಂಪುಟದ ಮಾತು, ಉಪ್ಪಿನ ಸೆರೆಮನೆಯಲ್ಲಿ ಕೂತು ಆಡಿದ್ದು. ಅಕ್ಕನ ಕೈಯಿಂದ ಬಾಚಣಿಗೆ ಬಿತ್ತು. ಆ ಹುಡುಗಿ ತನಗೆ ಕೊಟ್ಟಿದ್ದ ಅಷ್ಟೂ ಮಾತುಗಳನ್ನು ಜಾಲಾಡಿ, ತನ್ನ ನೋವಿಗೆ ಹೊಂದುವ ಒಂದನ್ನು ಹುಡುಕಿ ತೆಗೆದಿದ್ದಳು. ಹಸಿವಾಗಿದೆ ಅಂತ ಹೇಳುವುದಕ್ಕೆ ಯುದ್ಧದ ಮಾತು ಬಿಟ್ಟು ಅವಳಿಗೆ ಗತಿಯಿರಲಿಲ್ಲ.

ಅಕ್ಕ ತಲೆಗೆ ಹಚ್ಚಿದ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು ನೇರ ಅಚ್ಚುಕೂಟಕ್ಕೆ ಬಂದಳು. ನನ್ನನ್ನು ಮಾತಾಡಿಸದೆ ಮಹಡಿ ಹತ್ತಿದಳು. ಜಗಳವಾದರೆ ಇರಲಿ ಅಂತ ನಾನೂ ಹಿಂದೆಯೇ ಹೋದೆ. ರಾಯರು ಕಿಟಕಿಯ ಹತ್ತಿರ ಕೂತಿದ್ದರು. ಅಲ್ಲಿಂದ ಸೇತುವೆಯ ಮೇಲಿನ ಹೆಜ್ಜೆ ಸದ್ದು ಕೇಳುತ್ತದೆ, ಸೇತುವೆ ಕಾಣುವುದಿಲ್ಲ. ತಾವು ಬರೆದವರನ್ನು ಕಣ್ಣಾರೆ ನೋಡಬಾರದು, ನೋಡಿದರೆ ಕೈ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಒಬ್ಬರನ್ನೂ ನೋಡಿದವರಲ್ಲ.

ಅಕ್ಕ ಕೂರಲಿಲ್ಲ. "ಕುದುರೆಗೆ ಹನ್ನೊಂದು ಪುಟ ಕೊಟ್ಟಿದ್ದೀರಿ ರಾಯರೇ, ಇವರ ಪ್ರೀತಿಗೆ ಒಂದೂವರೆ ಸಾಲು" ಅಂದಳು.

ರಾಯರಿಗೆ ಇಂಥ ಟೀಕೆ ಕೇಳಿ ಅಭ್ಯಾಸವಿಲ್ಲ. ಮೊದಲು ನಕ್ಕರು. ಊರೇ ಬಂದು ಮದುವೆ ಕೇಳಿತು, ಮಾಡಿಕೊಟ್ಟೆ ಅಂದರು. ಪ್ರೀತಿ ಪ್ರೇಮ ಎಲ್ಲ ಬಿಡಿಸಿ ಬರೆಯುವ ವಸ್ತುವಲ್ಲ, ಅದನ್ನು ಓದುಗರ ಕಲ್ಪನೆಗೆ ಬಿಡಬೇಕು, ಆ ಕಡೆಯ ಸಾಲಿಗೆ ಎಷ್ಟು ಜನ ಅತ್ತಿದ್ದಾರೆ ಗೊತ್ತೇ, ಅಂದರು.

"ಕಲ್ಪನೆಗೆ ಬಿಡೋದಕ್ಕಾದ್ರೂ ಏನಾದ್ರೂ ಇಟ್ಟಿರಬೇಕಲ್ವಾ? ನಾನು ಬರೀ ಎಲೆ ಹಾಕಿ, ಊಟ ನಿಮ್ಮ ಕಲ್ಪನೆಗೆ ಬಿಟ್ಟಿದ್ದೀನಿ ಅಂದ್ರೆ ಉಂಡು ಏಳ್ತೀರಾ?" ಅಂದಳು ಅಕ್ಕ. ಆಮೇಲೆ ದನಿ ಇಳಿಸಿ, ಮೂರು ಸಾಲುಗಳನ್ನೂ ಒಂದರ ಪಕ್ಕ ಒಂದಿಟ್ಟು ಹೇಳಿದಳು. ಬಲಗೈ, ಕೈತುತ್ತು, ಬಿಡದ ಕೈ. ರಾಯರ ನಗು ಅಲ್ಲೇ ಬತ್ತಿತು. ಅವರಿಗೆ ಮೊದಲೆರಡು ನಿಜಕ್ಕೂ ಮರೆತುಹೋಗಿದ್ದವು. ಎದ್ದು ಹಳೆಯ ಸಂಪುಟ ತೆಗೆದು ನೋಡಿದರು, ನಿಧಾನವಾಗಿ ಮುಚ್ಚಿದರು.

ಅವರು ಸುಧಾರಿಸಿಕೊಂಡು ಒಂದು ಉಪಾಯ ಹೇಳಿದರು. ಎಂಟನೆಯ ಸಂಪುಟ ಬರೆಯುತ್ತೇನೆ, ಅದರಲ್ಲಿ ಒಂದು ಮಹಾಯುದ್ಧದಲ್ಲಿ ಧವಳಕೇತು ಮಡಿಯಲಿ, ಕೈ ತಾನಾಗಿ ಬಿಡುತ್ತದೆ ಅಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ಬೆಳಗಿತು, ಪೆನ್ನನ್ನೂ ತೆಗೆದರು. ಅಕ್ಕ ಆ ಪೆನ್ನಿನ ಮೇಲೆ ಕೈಯಿಟ್ಟಳು. ಎಂಟನೆಯದು ಬರೆದರೆ ಇಬ್ಬರೂ ಸೇತುವೆ ದಾಟಿ ವಾಪಸು ಹೋಗಬೇಕು. ರಾಣಿ ಕನಕಮಾಲೆಯ ವಿಷಯ ಊರಿನಲ್ಲಿ ಯಾರೂ ಮರೆತಿರಲಿಲ್ಲ. ಬಂದು, ಸ್ವಂತ ಮಾತು ಕಲಿತು, ಪೇಟೆ ಬೀದಿಯಲ್ಲಿ ದೋಸೆ ಹುಯ್ಯುತ್ತ ಸುಖವಾಗಿದ್ದವಳು. ಪೂರ್ತಿ ಬಿಟ್ಟುಕೊಟ್ಟಿದ್ದ ಅವಳೇ ರಾಯರಿಗೆ ನಾಲ್ಕನೆಯ ಸಂಪುಟಕ್ಕೆ ಮತ್ತೆ ಬೇಕಾದಳು. ಒಂದು ಬೆಳಗ್ಗೆ ಹಂಚಿನ ಮೇಲೆ ದೋಸೆ ಬಿಟ್ಟು, ಮಾತೇ ಇಲ್ಲದೆ ಎದ್ದು ಸೇತುವೆ ದಾಟಿ ಹೋದಳು. ಮತ್ತೆ ಬರಲಿಲ್ಲ. ಆ ದೋಸೆ ಸೀದ ವಾಸನೆ ನನಗೆ ಈಗಲೂ ನೆನಪಿದೆ.

"ನೀವು ಕಥೆ ಮುಗಿಸಲಿಲ್ಲ, ಅದೇ ತೊಂದರೆ" ಅಂದಳು ಅಕ್ಕ. "ಕೊನೆಯ ಸಂಪುಟ ಅಂತ ರಟ್ಟಿನ ಮೇಲೆ ಹಾಕಿಸಿದ್ರಿ. ಒಳಗಡೆ ಮುಗೀತು ಅಂತ ಬರೀಲಿಲ್ಲ. ನಾಳೆ ಬೇಕಾದ್ರೆ ಇರಲಿ ಅಂತ ಬಾಗಿಲು ಓರೆ ಮಾಡಿ ಇಟ್ಕೊಂಡ್ರಿ. ನಮ್ಮ ಮನೆಯವರಿಗೆ ನೀವು ಒಂದೇ ಸಾಲು ಬರೆದ್ರಿ, ಆದ್ರೆ ಪೂರ್ತಿ ಬಿಟ್ಟುಕೊಟ್ರಿ. ಅದಕ್ಕೇ ಅವರು ನನ್ನ ಜೊತೆ ಬಾಳ್ವೆ ಮಾಡೋಕಾಯ್ತು."

ರಾಯರು ಕಿಟಕಿಯ ಕಡೆ ತಿರುಗಿದರು. "ಮುಗಿಸಿದರೆ ಆ ಸೇತುವೆ ಮೇಲೆ ಇನ್ನು ಯಾರೂ ಬರಲ್ಲ ಅಂಬುಜಮ್ಮ" ಅಂದರು.

ಅದನ್ನು ಅವಳು ಯೋಚಿಸಿರಲಿಲ್ಲ ಅಂತಲ್ಲ. ಆದರೂ ಕಿವಿಗೆ ಬಿದ್ದಾಗ ಅವಳು ಪೆನ್ನಿನ ಮೇಲಿಂದ ಕೈ ತೆಗೆದಳು. ಪ್ರತಿ ಸಂಪುಟ ಬಂದಾಗಲೂ ಸೇತುವೆಯ ತುದಿಯಲ್ಲಿ ಚಪ್ಪಲಿ ಹಿಡಿದು ಮೊದಲು ನಿಲ್ಲುವವಳು ಅವಳು. ಇನ್ನು ಓದುವುದಕ್ಕೆ ಹೊಸದಿಲ್ಲ, ಮಂಜಿನೊಳಗಿಂದ ಬರುವವರಿಲ್ಲ, ಬೊಗಸೆ ಒಡ್ಡುವವರಿಲ್ಲ. ಆ ಮಂಜಿನಿಂದಲೇ ಅವಳ ಬದುಕು ಬಂದಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಬರದಿದ್ರೆ ಬೇಡ. ಬಂದವರು ಉಪವಾಸ ಇರಬಾರದು" ಅಂದಳು. ಆಮೇಲೆ, ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು, ಒಮ್ಮೆ ಬಂದು ನೋಡಿ ಹೋಗಿ, ಅಂದಳು.

ರಾಯರು ಮಹಡಿ ಇಳಿದರು. ಊರಿನವರು ಅವರನ್ನು ಬೀದಿಯಲ್ಲಿ ಕಂಡದ್ದು ಯಾವ ಕಾಲದಲ್ಲೋ. ಅಂಗಡಿಯವರು ಎದ್ದು ನಿಂತರು. ದಾರಿಯುದ್ದಕ್ಕೂ ಅವರು ಬರೆದವರೇ. ಮಂತ್ರಿ ಸೌತೆಕಾಯಿ ಮಾರುತ್ತಿದ್ದ, ಇಬ್ಬರು ರಾಕ್ಷಸರು ಜಗುಲಿಯಲ್ಲಿ ಚೌಕಾಬಾರ ಆಡುತ್ತಿದ್ದರು. ರಾಯರು ಒಬ್ಬೊಬ್ಬರ ಮುಂದೆಯೂ ನಿಂತು ಬಿಡುತ್ತಿದ್ದರು. ನನ್ನ ತೋಳು ಹಿಡಿದುಕೊಂಡೇ ನಡೆದರು.

ಊಟದ ಮನೆಯಲ್ಲಿ ತೀರ್ಥಪ್ಪ ಎಲೆ ಹಾಕಿ ಬಡಿಸಿದ್ದ. ವಜ್ರಲೇಖೆ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಧವಳಕೇತು, ಅವನೂ ಎಲೆ ಮುಟ್ಟಿರಲಿಲ್ಲ. ರಾಯರು ಅವಳ ಎದುರಿಗೆ ನೆಲದ ಮೇಲೆ ಕೂತರು. ಎಷ್ಟೋ ಹೊತ್ತು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, ಗುಟ್ಟು ಹೇಳುವಂತೆ, "ಕಿವಿ ಹತ್ತಿರ ಒಂದು ಮಚ್ಚೆ ಇದೆ, ನೋಡಿದೆಯಾ? ಅದನ್ನ ನಾನು ಬರೆದೇ ಇಲ್ಲ" ಅಂದರು. ಅವರ ಮುಖದಲ್ಲಿ ಹೆದರಿಕೆಯಿತ್ತೋ ಭಕ್ತಿಯಿತ್ತೋ ಹೇಳಲಾರೆ. ಎರಡೂ ಇತ್ತು ಅಂತ ನನಗೆ ಅನಿಸಿತು. ತಾವು ಬರೆಯದ ಒಂದು ಮಚ್ಚೆಯ ಮುಂದೆ ಆ ಮುದುಕರು ತಲೆ ತಗ್ಗಿಸಿ ಕೂತರು.

ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅಕ್ಕ ಕೊಟ್ಟ ಒಂದು ಚೂರು ಕಾಗದದ ಮೇಲೆ ಬರೆದರು: 'ಉಪ್ಪುಕೋಟೆಯ ಕಥೆ ಇಲ್ಲಿಗೆ ಮುಗಿಯಿತು. ಮುಂದಿನದು ಅವರದು.' ನಾನು ಅಚ್ಚುಕೂಟಕ್ಕೆ ಓಡಿದೆ. ಇಷ್ಟು ವರ್ಷದಲ್ಲಿ ಇಷ್ಟು ಕಡಿಮೆ ಮೊಳೆಯನ್ನು ನಾನು ಇಷ್ಟು ಸಲ ತಿದ್ದಿ ನೋಡಿದ್ದಿಲ್ಲ. ಮಸಿ ಆರುವ ಮೊದಲೇ ಚೀಟಿಗಳನ್ನು ಹಿಡಿದು ಬಂದೆ. ಅಕ್ಕ ತನ್ನ ಏಳನೆಯ ಸಂಪುಟ ತಂದು ಕಡೆಯ ಪುಟ ತೆರೆದಳು. ಬಡಿಸಿಟ್ಟ ಎಲೆಯಿಂದಲೇ ನಾಲ್ಕು ಅಗುಳು ಅನ್ನ ತೆಗೆದು, ಬೆರಳಲ್ಲಿ ನುರಿದು, ಕಡೆಯ ಸಾಲಿನ ಕೆಳಗೆ ಚೀಟಿ ಅಂಟಿಸಿ ಅಂಗೈಯಿಂದ ಒತ್ತಿದಳು.

ಸೇತುವೆಯ ಆಚೆಯ ಮಂಜು ಕರಗಿತು. ನಾನು ಕಿಟಕಿಯಿಂದ ನೋಡಿದೆ. ಅಲ್ಲಿ ಒಂದು ಗುಡ್ಡ, ಎರಡು ಮರ, ಮೇಯುವ ಕುರಿಗಳು. ಹುಟ್ಟಿದಾಗಿನಿಂದ ನಾನು ಆ ಗುಡ್ಡ ಕಂಡಿರಲಿಲ್ಲ. ಬೀದಿಯಲ್ಲಿ ಜನ ಒಬ್ಬೊಬ್ಬರೇ ನಿಂತು ಆ ಕಡೆ ನೋಡತೊಡಗಿದರು.

ಒಳಗೆ ವಜ್ರಲೇಖೆಯ ಕೈ ಬಿಟ್ಟಿತ್ತು. ಬೆರಳ ಸಂದಿಗಳಲ್ಲಿ ಕೆಂಪು ಗೆರೆ. ಅವಳು ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು, ಮಡಚಿದಳು, ಬಿಡಿಸಿದಳು. ಈಗ ಎದ್ದು ಹೋಗುತ್ತಾಳೆ ಅಂತ ನಾನಂದುಕೊಂಡೆ. ಹೋಗಬಹುದಿತ್ತು, ತಡೆಯುವ ಸಾಲು ಯಾವುದೂ ಇರಲಿಲ್ಲ. ಧವಳಕೇತು ಮಾತ್ರ ಖಾಲಿಯಾದ ತನ್ನ ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟ, ನೆಲದ ಮೇಲಿಟ್ಟ. ಸ್ವಲ್ಪ ದೂರ ಸರಿದು ಅವಳಿಗೆ ಜಾಗ ಬಿಟ್ಟ. ಆಮೇಲೆ ಆರಿಹೋಗುತ್ತಿದ್ದ ಅವಳ ಎಲೆಯನ್ನು ನೋಡಿದ, ಅವಳನ್ನು ನೋಡಿದ. ಇಷ್ಟು ದಿನ ಆ ಮನೆಯಲ್ಲಿ ಬಂದವರು ಹೋದವರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಒಂದು ಮಾತು ಅವನ ಕಿವಿಯಲ್ಲಿ ಬಿದ್ದಿತ್ತು. ಅದು ಯಾವ ಸಂಪುಟದಲ್ಲೂ ಇಲ್ಲ.

"ಊಟ ಆಯ್ತಾ?" ಅಂದ.

ವಜ್ರಲೇಖೆ ಅವನ ಮುಖವನ್ನು ಮೊದಲ ಸಲ ಎಂಬಂತೆ ನೋಡಿದಳು. ಆ ಹೊತ್ತಿಗೆ ಅವನಿಗೆ ಒಂದು ಮೂಗು ಇತ್ತು, ಸ್ವಲ್ಪ ಡೊಂಕು.

"ಇಲ್ಲ" ಅಂದಳು. ಬಲಗೈಯಲ್ಲಿ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು, ನುಂಗಿ, ಕಣ್ಣೊರೆಸಿಕೊಂಡು, "ನಿಮ್ದು?" ಅಂದಳು.

ಅಂಬುಜಕ್ಕ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಅಳುತ್ತಲೇ ಎಲ್ಲರಿಗೂ ಹಂಚಿದಳು. ತೀರ್ಥಪ್ಪ ಉಪ್ಪಿನಕಾಯಿ ಬಡಿಸಲು ಹೊರಟ. ರಾಯರು ಕೂತಲ್ಲೇ ಕೂತಿದ್ದರು, ಕಣ್ಣು ಆ ಇಬ್ಬರ ಮೇಲೆಯೇ. ಅವರ ಬಲಗೈ ಮೆಲ್ಲಗೆ ಜೇಬಿನ ಪೆನ್ನಿನ ಕಡೆಗೆ ಹೋಯಿತು. ಅಕ್ಕ ಆ ಕೈ ಹಿಡಿದು, ಅಂಗೈ ತೆರೆಸಿ, ಅದರ ತುಂಬ ಸಕ್ಕರೆ ಹಾಕಿದಳು.